ಕೊಡೆ ಹಿಡಿದವನು

ಲಿಸ್ಬನ್ನಿನ ಪ್ರಾಚೀನ ಕಲೆಯ ರಾಷ್ಟ್ರೀಯ ಸಂಗ್ರಹಾಲಯವನ್ನು ಅಲ್ಲಿನ ಜನ ‘ಜನೇಲಾಸ್ ವೆರ್ದೆಸ್’ ಎಂದು ಕರೆಯುತ್ತಾರೆ. ಅದು ಸಂಗ್ರಹಾಲಯ ಇರುವ ಬೀದಿಯ ಹೆಸರು. ಹಸಿರು ಕಿಟಕಿಗಳು ಎಂದು ಅರ್ಥ. ಕುಂದಾಪುರದ ಕಡೆ ಬೆಳೆದು, ಕೊಂಕಣಿ ಮಾತಾಡುವ ನೆರೆಮನೆಯವರ ಬಾಯಲ್ಲಿ ಕಿಟಕಿಗೆ ‘ಜನೆಲ್’ ಎಂಬ ಹೆಸರನ್ನು ಕೇಳುತ್ತಲೇ ದೊಡ್ಡವನಾದ ನನಗೆ ಬೀದಿಯ ಫಲಕ ಓದಿದ ಕೂಡಲೇ ಗುರುತಿನವರ ಮನೆಗೆ ಬಂದಂತೆನಿಸಿತು. ನಾನು ಅಲ್ಲಿಗೆ ಹೋದದ್ದು ಪೋರ್ಚುಗಲ್ಲಿನ ಚಿತ್ರಗಳನ್ನು ನೋಡಲೆಂದು. ಆದರೆ ಮಧ್ಯಾಹ್ನವೆಲ್ಲ ಕಳೆದದ್ದು ಜಪಾನಿನ ಎರಡು ಜೋಡಿ ಮಡಿಪು ತೆರೆಗಳ ಮುಂದೆ. ಒಂದು ಜೋಡಿ ಕಾನೋ ದೋಮಿಯದೆಂದು ಹೇಳಲಾಗುವುದು, ಇನ್ನೊಂದು ಕಾನೋ ನೈಜೆನ್ನನದು.

ಈ ತೆರೆಗಳ ಮುಂದೆ ನಿಂತವರೆಲ್ಲ ಮೊದಲು ನೋಡಿ ನಗುವುದು ಮೂಗುಗಳನ್ನು ಕಂಡು. ಪೋರ್ಚುಗೀಸರೆಲ್ಲರಿಗೂ ಕೊಕ್ಕಿನಂಥ ಮೂಗು, ಸೊಂಟದಿಂದ ಕಣಕಾಲಿನವರೆಗೆ ಗಾಳಿ ತುಂಬಿದಂತೆ ಉಬ್ಬಿದ ಚಲ್ಲಣ, ಕುತ್ತಿಗೆಯ ಸುತ್ತ ನಿರಿಗೆಯ ಪಟ್ಟಿ. ನನಗೂ ನಗು ಬಂತು. ಆಮೇಲೆ ಕಣ್ಣು ಹೋಗಿ ನಿಂತದ್ದು ಹಡಗಿನ ನಾಯಕನ ತಲೆಯ ಮೇಲೆ ಅರಳಿದ್ದ ದೊಡ್ಡ ಕೊಡೆಯ ಮೇಲೆ. ಅಲ್ಲಿಂದ ಇಳಿದು ಅದರ ಕಾವನ್ನು ಹಿಡಿದ ಕಪ್ಪು ಕೈಯ ಮೇಲೆ. ಅಂದಿನಿಂದ ಇಂಥ ಚಿತ್ರಗಳನ್ನು, ಮುದ್ರಣದಲ್ಲಾಗಲಿ ಕಂಪ್ಯೂಟರಿನ ಪರದೆಯ ಮೇಲಾಗಲಿ, ಎಲ್ಲಿ ಕಂಡರೂ ನಾನು ಮೊದಲು ಹುಡುಕುವುದು ಆ ಕೊಡೆಯವನನ್ನು.

ಇವುಗಳ ಹೆಸರು ‘ನಂಬಾನ್ ಬ್ಯೋಬು’. ಬ್ಯೋಬು ಎಂದರೆ ಗಾಳಿಗೆ ಅಡ್ಡ ಇಡುವ ಮಡಿಪು ತೆರೆ. ನಂಬಾನ್ ಎಂದರೆ ದಕ್ಷಿಣದ ಮ್ಲೇಚ್ಛರು. ಚೀನೀಯರಿಂದ ಜಪಾನೀಯರು ಕಡ ತಂದ ಮಾತು. ಹಡಗುಗಳು ದಕ್ಷಿಣದ ಕಡಲಿನಿಂದ ಏರಿ ಬರುತ್ತಿದ್ದುದರಿಂದ ಯುರೋಪಿನ ಪಶ್ಚಿಮ ತುದಿಯ ಪೋರ್ಚುಗೀಸರೂ ದಕ್ಷಿಣದವರಾದರು. 16ನೆಯ ಶತಮಾನದ ಕೊನೆಯಿಂದ 17ನೆಯ ಶತಮಾನದ ಮೊದಲರ್ಧದವರೆಗೆ ಬರೆದ ಇಂಥ ತೆರೆಗಳಲ್ಲಿ 60ಕ್ಕೂ ಹೆಚ್ಚು ಇಂದಿಗೂ ಉಳಿದಿವೆ. ಸಾಮಾನ್ಯವಾಗಿ ಒಂದೊಂದು ತೆರೆಗೆ ಆರು ಮಡಿಕೆ, ಸುಮಾರು ಒಂದೂವರೆ ಮೀಟರ್ ಎತ್ತರ, ಬಿಚ್ಚಿ ನಿಲ್ಲಿಸಿದರೆ ಮೂರೂವರೆ ಮೀಟರ್ ಅಗಲ. ಬಲದಿಂದ ಎಡಕ್ಕೆ ಓದಬೇಕು. ಚಿನ್ನದ ರೇಕಿನ ಮೋಡಗಳು ಅಲ್ಲಲ್ಲಿ ಹರಡಿಕೊಂಡಿರುತ್ತವೆ. ಕತೆಗೆ ಬೇಡದ್ದನ್ನೆಲ್ಲ ಆ ಮೋಡಗಳು ನುಂಗಿಬಿಡುತ್ತವೆ. ಬಿಳಿ ಬಣ್ಣ ಸಿಂಪಿಯ ಚಿಪ್ಪನ್ನು ನುಣ್ಣಗೆ ಅರೆದು ಮಾಡಿದ್ದು. ಪುಸ್ತಕದಲ್ಲಿ ಚಪ್ಪಟೆಯಾಗಿ ಕಾಣುವ ಹಡಗು ನಿಜವಾದ ತೆರೆಯಲ್ಲಿ ಮಡಿಕೆಯಿಂದ ಮಡಿಕೆಗೆ ಮುರಿದು ನಿಲ್ಲುವುದರಿಂದ, ನೋಡುವವನು ಒಂದು ಹೆಜ್ಜೆ ಆಚೀಚೆ ಸರಿದರೆ ಮೂತಿ ಮುಂದೆ ಬರುತ್ತದೆ, ಹಿಂಭಾಗ ಮರೆಯಾಗುತ್ತದೆ. ಇದನ್ನು ಎದುರಿಗೆ ನಿಲ್ಲುವವರೆಗೆ ನಾನು ಊಹಿಸಿರಲಿಲ್ಲ.

ಹಡಗು ಕಪ್ಪು. ಮರದ ಸಂದುಗಳಿಂದ ನೀರು ಒಸರದಂತೆ ಡಾಂಬರಿನಂಥ ಅಂಟು ಬಳಿದ ಅದನ್ನು ಜಪಾನೀಯರು ‘ಕುರೋಫುನೆ’, ಕರಿಹಡಗು ಎಂದರು. ಅದು ಹೊರಡುತ್ತಿದ್ದದ್ದು ಗೋವೆಯಿಂದ. ನಮ್ಮ ಕರಾವಳಿಯಲ್ಲಿ ಮಳೆಗಾಲ ಹಿಡಿಯುವ ಮೊದಲು, ಏಪ್ರಿಲ್–ಮೇ ತಿಂಗಳಲ್ಲಿ ಹೊರಟು ಮಲಕ್ಕಾ ದಾಟಿ ಮಕಾವು ಸೇರಿ, ಅಲ್ಲಿ ಚೀನದ ರೇಷ್ಮೆ ತುಂಬಿಕೊಳ್ಳಲು ತಿಂಗಳುಗಟ್ಟಲೆ ಕಾದು, ಮುಂದಿನ ವರ್ಷದ ನೈಋತ್ಯ ಮಾರುತ ಹಿಡಿದು ನಾಗಾಸಾಕಿ ತಲುಪಿ, ಈಶಾನ್ಯ ಗಾಳಿ ಬೀಸತೊಡಗಿದ ಮೇಲೆ ಬೆಳ್ಳಿ ಹೇರಿಕೊಂಡು ಮರಳುತ್ತಿತ್ತು. ಗೋವೆ ಬಿಟ್ಟು ಗೋವೆ ಮುಟ್ಟಲು ಎರಡು ವರ್ಷಕ್ಕೂ ಮಿಕ್ಕಿದ ಕಾಲ. ಮಿಂಗ್ ಅರಸರು ತಮ್ಮ ವರ್ತಕರು ಜಪಾನಿನೊಂದಿಗೆ ನೇರ ವ್ಯಾಪಾರ ಮಾಡುವುದನ್ನು ನಿಷೇಧಿಸಿದ್ದರು. ಜಪಾನಿನ ಇವಾಮಿಯಂಥ ಗಣಿಗಳಲ್ಲಿ ಬೆಳ್ಳಿ ಹೇರಳವಾಗಿತ್ತು. ಚೀನಕ್ಕೆ ಬೆಳ್ಳಿ ಬೇಕು, ಜಪಾನಿಗೆ ರೇಷ್ಮೆ ಬೇಕು. ನಡುವೆ ನಿಂತವನಿಗೆ ಲಾಭ. ಎಂದರೆ ಈ ಚಿತ್ರಗಳಲ್ಲಿ ಮೆರೆಯುವ ಪೋರ್ಚುಗೀಸರು ಮಾರುತ್ತಿದ್ದುದರಲ್ಲಿ ಪೋರ್ಚುಗಲ್ಲಿನದೆನ್ನುವುದು ತೀರ ಕಡಿಮೆ. ಅವರು ಒಳ್ಳೆಯ ದಲ್ಲಾಳಿಗಳು. ಗೋವೆಯ ಹೊಟ್ಟೆ ತುಂಬಿಸುತ್ತಿದ್ದ ಅಕ್ಕಿಯ ಒಂದು ದೊಡ್ಡ ಪಾಲು ನಮ್ಮ ಬಸರೂರು, ಮಂಗಳೂರು, ಹೊನ್ನಾವರಗಳಿಂದ ಹೋಗುತ್ತಿತ್ತೆಂಬುದನ್ನು ನೆನೆದರೆ, ಆ ಕರಿಹಡಗಿನ ಮೇಲಿನ ಕೆಲವರಾದರೂ ಹೊರಡುವ ಮುಂಚೆ ಉಂಡದ್ದು ನಮ್ಮ ಬಯಲಿನ ಅನ್ನವೇ ಇರಬೇಕು.

ನೈಜೆನ್ (1570–1616) ಬರೆದ ತೆರೆಗಳಲ್ಲಿ ಹೆಚ್ಚು ಪ್ರಸಿದ್ಧವಾದ ಜೋಡಿ ಜಪಾನಿನ ಕೋಬೆ ನಗರದ ಸಂಗ್ರಹಾಲಯದಲ್ಲಿದೆ. ಬಲದ ತೆರೆಯಲ್ಲಿ ನಾಗಾಸಾಕಿ: ಹಡಗು ಬಂದು ನಿಂತಿದೆ, ನಾಯಕನ ಮೆರವಣಿಗೆ ಬೀದಿಯಲ್ಲಿ ಸಾಗಿದೆ, ಎದುರುಗೊಳ್ಳಲು ಪಾದ್ರಿಗಳು ನಿಂತಿದ್ದಾರೆ. ಎಡದ ತೆರೆಯಲ್ಲಿ ಹಡಗು ಹೊರಡುತ್ತಿರುವ ದೂರದ ಬಂದರು; ಅದು ಗೋವಾ ಎಂದು ಹಲವರ ಊಹೆ. ನಾನು ಮತ್ತೆ ಮತ್ತೆ ಮರಳುವುದು ಈ ಎಡದ ತೆರೆಗೆ. ಗೋವೆಯನ್ನು ಕಂಡರಿಯದ ಕ್ಯೋಟೋದ ಚಿತ್ರಕಾರ ಗೋವೆಯನ್ನು ಬರೆದಿದ್ದಾನೆ! ಕಟ್ಟಡಗಳಿಗೆ ಚೀನದ ಮಾಡು, ಬಣ್ಣದ ಹೆಂಚು. ನಡುವೆ ಒಂದು ಆನೆ. ಮಾಂಡೋವಿಯ ದಡದಲ್ಲಿ ಅಂಥ ಮಾಡು ಎಂದೂ ಇದ್ದಿಲ್ಲ. ಆದರೂ ಇದನ್ನು ತಪ್ಪು ಎಂದು ತಳ್ಳಿಹಾಕಲು ಮನಸ್ಸು ಒಪ್ಪುವುದಿಲ್ಲ. ದೂರದ ದೇಶ ಎಂದರೆ ಅವನ ಪಾಲಿಗೆ ಹಳೆಯ ಚೀನೀ ಚಿತ್ರಗಳಲ್ಲಿ ಕಂಡ ದೇಶ. ಅದರೊಳಗೆ ತಾನು ಕೇಳಿದ ಆನೆಯನ್ನು ತಂದು ನಿಲ್ಲಿಸಿದ. ನಮ್ಮ ಯಕ್ಷಗಾನದಲ್ಲಿ ಲಂಕೆಯೂ ದ್ವಾರಕೆಯೂ ಒಂದೇ ರಂಗಸ್ಥಳದಲ್ಲಿ ಆಗಿಹೋಗುವುದಿಲ್ಲವೇ?

ಪೋರ್ಚುಗೀಸರ ಊರು ಯಾವುದು ಎಂಬ ಬಗ್ಗೆ ಜಪಾನೀಯರಿಗೆ ಆರಂಭದಲ್ಲಿ ಇದ್ದ ಕಲ್ಪನೆ ಇನ್ನೂ ಸ್ವಾರಸ್ಯದ್ದು. 1543ರಲ್ಲಿ ಚೀನೀ ಹಡಗೊಂದರಲ್ಲಿ ತಾನೆಗಶಿಮಾ ದ್ವೀಪಕ್ಕೆ ಕೆಲವು ಪೋರ್ಚುಗೀಸರು ಬಂದಿಳಿದರು, ಅವರ ಕೋವಿಯನ್ನು ಅಲ್ಲಿನ ದೊರೆ ಕೊಂಡುಕೊಂಡ. 1549ರಲ್ಲಿ ಫ್ರಾನ್ಸಿಸ್ ಕ್ಸೇವಿಯರ್ ಕಗೋಶಿಮಾಕ್ಕೆ ಬಂದ. ಅವನ ಜೊತೆಗಿದ್ದ ಆಂಜಿರೋ ಎಂಬ ಜಪಾನೀಯ ಅದಕ್ಕೆ ಹಿಂದಿನ ವರ್ಷವಷ್ಟೇ ಗೋವೆಯಲ್ಲಿ ದೀಕ್ಷಾಸ್ನಾನ ಪಡೆದವನು. ಇವರು ಬಂದದ್ದು ‘ತೆಂಜಿಕು’ವಿನಿಂದ, ಎಂದರೆ ಭಾರತದಿಂದ, ಎಂದು ಸುದ್ದಿಯಾಯಿತು. ತೆಂಜಿಕು ಎಂದರೆ ಬುದ್ಧನ ನಾಡು. ಅಲ್ಲಿಂದ ಬಂದವನು ಹೇಳುವುದು ಬೌದ್ಧ ಧರ್ಮದ ಇನ್ನೊಂದು ಪಂಥವೇ ಇರಬೇಕೆಂದು ಜನ ತಿಳಿದರು. ಆಂಜಿರೋ ತಾನೂ ಕ್ರೈಸ್ತರ ದೇವರಿಗೆ ‘ದೈನಿಚಿ’, ಅಂದರೆ ಮಹಾವೈರೋಚನ ಬುದ್ಧನ ಹೆಸರನ್ನೇ ಮೊದಲು ಬಳಸಿದ್ದ. ಯಮಗುಚಿಯಲ್ಲಿ 1552ರಲ್ಲಿ ಪಾದ್ರಿಗಳಿಗೆ ನೆಲೆ ಕೊಟ್ಟ ಅಧಿಕಾರಪತ್ರದಲ್ಲಿ ಪಶ್ಚಿಮದಿಂದ ಬಂದ ಈ ಸನ್ಯಾಸಿಗಳು ಬುದ್ಧನ ಧರ್ಮವನ್ನು ಬೆಳಗಿಸಲು ಮಠ ಕಟ್ಟಬಹುದು ಎಂದೇ ಬರೆದಿದೆ. ನೈಜೆನ್ ಕುಂಚ ಹಿಡಿಯುವ ಹೊತ್ತಿಗೆ ಈ ಗೊಂದಲ ಎಷ್ಟೋ ಕಡಿಮೆಯಾಗಿತ್ತು. ಆದರೆ ಎಡದ ತೆರೆಯ ಆನೆಯಲ್ಲಿ ಅದರ ನೆರಳು ಇನ್ನೂ ಉಳಿದಿದೆ ಎಂದು ನನಗನ್ನಿಸುತ್ತದೆ.

ಕ್ಯೋಟೋದ ಚಿತ್ರಕಾರರಿಗೆ ಇವರನ್ನು ಕಣ್ಣಾರೆ ಕಾಣುವ ಅವಕಾಶ ಒಮ್ಮೆ ಸಿಕ್ಕಿತ್ತು. 1591ರಲ್ಲಿ ಜೆಸುಯಿಟ್ ಪಾದ್ರಿ ವಲಿನ್ಯಾನೋ ಗೋವೆಯ ವೈಸರಾಯನ ರಾಯಭಾರಿಯಾಗಿ, ಆಗ ಜಪಾನನ್ನು ಆಳುತ್ತಿದ್ದ ತೊಯೊತೊಮಿ ಹಿದೆಯೋಶಿಯ ಆಸ್ಥಾನಕ್ಕೆ ಹೋದ. ಯುರೋಪಿಗೆ ಹೋಗಿ ಎಂಟು ವರ್ಷಗಳ ಮೇಲೆ ಮರಳಿದ ನಾಲ್ವರು ಜಪಾನೀ ಹುಡುಗರು ಅವನ ಜೊತೆಗಿದ್ದರು. ಅವರಲ್ಲಿ ಹಾರಾ ಮಾರ್ತಿನೋ ಎಂಬವನು ಬರುವ ದಾರಿಯಲ್ಲಿ ಗೋವೆಯಲ್ಲಿ ಲ್ಯಾಟಿನ್ ಭಾಷೆಯಲ್ಲಿ ಭಾಷಣ ಮಾಡಿ ಮೆಚ್ಚುಗೆ ಗಳಿಸಿದ್ದ. ಬೆಲೆಬಾಳುವ ಉಡುಪು ತೊಟ್ಟ ಪೋರ್ಚುಗೀಸರು, ಸೇವಕರು, ಉಡುಗೊರೆಯ ಅರಬ್ಬಿ ಕುದುರೆ ಕ್ಯೋಟೋದ ಬೀದಿಗಳಲ್ಲಿ ಸಾಗಿದಾಗ ಜನ ಮುಗಿಬಿದ್ದು ನೋಡಿದರು. ತೆರೆಗಳ ಮೆರವಣಿಗೆಗೆ ಈ ಮೆರವಣಿಗೆಯೇ ಸ್ಫೂರ್ತಿಯಾಗಿರಬಹುದು ಎನ್ನುತ್ತಾರೆ ಬಲ್ಲವರು. 1588ರ ತಾರೀಖಿನ ವೈಸರಾಯನ ಪತ್ರ ಇಂದಿಗೂ ಕ್ಯೋಟೋದ ಮ್ಯೋಹೋ-ಇನ್ ಮಂದಿರದಲ್ಲಿದೆ, ಜಪಾನಿನ ರಾಷ್ಟ್ರೀಯ ನಿಧಿಯಾಗಿ.

ಆ ಅರಬ್ಬಿ ಕುದುರೆಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಹೋರ್ಮುಜ್‌ನಿಂದ ಗೋವೆಗೆ ಬಂದಿಳಿಯುತ್ತಿದ್ದ ಕುದುರೆಗಳಿಗೆ ಅದಕ್ಕೆ ಮುಂಚಿನ ದಶಕಗಳಲ್ಲಿ ಎಲ್ಲರಿಗಿಂತ ದೊಡ್ಡ ಗಿರಾಕಿ ವಿಜಯನಗರ. ಹಂಪಿಯ ವಿಠ್ಠಲ ದೇವಾಲಯದ ಅಧಿಷ್ಠಾನದಲ್ಲಿ ಕುದುರೆಗಳನ್ನು ಹಿಡಿದು ನಿಂತವರ ಸಾಲುಗಳಿವೆ. ಮಾರ್ಗದರ್ಶಿಗಳು ಬೆರಳು ತೋರಿಸಿ “ಇವರು ಅರಬ್ಬರು, ಇವರು ಪೋರ್ಚುಗೀಸರು” ಎಂದು ಸಲೀಸಾಗಿ ಹೇಳಿಬಿಡುತ್ತಾರೆ. ಯಾರು ಯಾರೆಂಬುದನ್ನು ಅಷ್ಟು ಖಚಿತವಾಗಿ ಹೇಳಲು ನನಗೆ ಧೈರ್ಯವಿಲ್ಲ. ನಮ್ಮ ಶಿಲ್ಪಿಗೆ ಕುದುರೆ ಮುಖ್ಯ, ತಂದವನು ಒಂದು ಅಲಂಕಾರದ ಪಟ್ಟಿ. ಜಪಾನಿನ ಚಿತ್ರಕಾರನಿಗೆ ತಂದವನ ಗುಂಡಿ, ನಿರಿಗೆ, ಜಪಮಾಲೆ, ಬೇಟೆನಾಯಿಯ ಕೊರಳಪಟ್ಟಿ ಎಲ್ಲವೂ ಬೇಕು.

ಇನ್ನು ಕೊಡೆಯವನಿಗೆ ಬರುತ್ತೇನೆ. ತೆರೆಗಳಲ್ಲಿ ಕಪ್ಪು, ಕಂದು ಮೈಬಣ್ಣದ ಜನ ಬಹಳ ಮಂದಿ. ಕೂವೆಮರದ ಹಗ್ಗಗಳಿಗೆ ಜೋತುಬಿದ್ದು ದೊಂಬರಾಟದವರಂತೆ ತಲೆಕೆಳಗಾಗಿ ಇರುವವರು ಅವರೇ. ಪೆಟ್ಟಿಗೆ ಹೊರುವವರು, ಪಂಜರದ ಪ್ರಾಣಿಗಳನ್ನು ನೋಡಿಕೊಳ್ಳುವವರು, ಕುದುರೆಯ ಲಗಾಮು ಹಿಡಿದವರು ಅವರೇ. ಯಜಮಾನ ಮೆಟ್ಟು ಹಾಕಿದ್ದರೆ ಹಿಂದಿನವನು ಹಲವೆಡೆ ಬರಿಗಾಲಿನಲ್ಲಿದ್ದಾನೆ. ಇವರಲ್ಲಿ ಆಫ್ರಿಕದಿಂದ ಹಿಡಿದು ತಂದ ಗುಲಾಮರಿದ್ದರು, ಮಲಯದವರಿದ್ದರು, ಭಾರತದ ಪಶ್ಚಿಮ ಕರಾವಳಿಯವರೂ ಇದ್ದರು. 1581ರಲ್ಲಿ ವಲಿನ್ಯಾನೋನ ಜೊತೆ ಬಂದು, ಹಿದೆಯೋಶಿಗಿಂತ ಮುಂಚಿನ ಪ್ರಬಲ ದಂಡನಾಯಕ ಓದಾ ನೊಬುನಾಗನ ಮೆಚ್ಚಿನ ಭಟನಾದ ಆಫ್ರಿಕದ ಯಾಸುಕೆಯ ಹೆಸರು ಉಳಿದುಬಂದಿದೆ. ಉಳಿದವರಿಗೆ ಹೆಸರಿಲ್ಲ. ಕೊಡೆ ಹಿಡಿದವನನ್ನು ನಮ್ಮ ಕಡೆಯವನೆಂದು ಹೇಳಿಬಿಡುವ ಆಸೆ ನನಗೂ ಆಯಿತು. ಆದರೆ ಚಿತ್ರಕಾರ ಕೊಟ್ಟದ್ದು ಒಂದು ಬಣ್ಣವನ್ನು ಮಾತ್ರ, ಊರನ್ನಲ್ಲ.

ಕೊಡೆಯ ಊರನ್ನಾದರೆ ಹೇಳಬಹುದು. ಬಿಸಿಲಿರಲಿ ಮಳೆಯಿರಲಿ, ಹಿಂದೊಬ್ಬನ ಕೈಯಲ್ಲಿ ಕೊಡೆ ಹಿಡಿಸಿಕೊಂಡು ನಡೆಯುವುದು ಲಿಸ್ಬನ್ನಿನ ಪದ್ಧತಿಯಾಗಿರಲಿಲ್ಲ. ಪೂರ್ವಕ್ಕೆ ಬಂದ ಮೇಲೆ ಇಲ್ಲಿಯ ಅರಸರ, ಸಾಮಂತರ ಛತ್ರವನ್ನು ಕಂಡು ಕಲಿತದ್ದು. 1583ರಿಂದ 1588ರವರೆಗೆ ಗೋವೆಯ ಆರ್ಚ್‌ಬಿಷಪ್ಪನ ಬಳಿ ಕೆಲಸಕ್ಕಿದ್ದ ಡಚ್ ಯುವಕ ಲಿನ್‌ಸ್ಕೋಟೆನ್ ತಾಯ್ನಾಡಿಗೆ ಮರಳಿ 1596ರಲ್ಲಿ ಅಚ್ಚು ಹಾಕಿಸಿದ ಚಿತ್ರಗಳಲ್ಲಿ ಗೋವೆಯ ಪೋರ್ಚುಗೀಸ್ ಗಣ್ಯರು ಥೇಟ್ ಹೀಗೆಯೇ ನಡೆಯುತ್ತಾರೆ: ಮುಂದೆ ಯಜಮಾನ, ಹಿಂದೆ ಕೊಡೆ ಹಿಡಿದ ಆಳು. ಊರಿನಲ್ಲಿ ಸಾಮಾನ್ಯ ಸೈನಿಕನಾಗಿದ್ದವನೂ ಗೋವೆಗೆ ಬಂದು ಗಣ್ಯನಂತೆ ಮೆರೆಯುವುದನ್ನು ಅಂದಿನ ಪ್ರವಾಸಿಗಳು ಗೇಲಿ ಮಾಡಿದ್ದಾರೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಚಿತ್ರ ಬೇಕೆ! ಕ್ಯೋಟೋದ ಚಿತ್ರಕಾರನಿಗೆ ಮಾತ್ರ ಅದು ನಂಬಾನ್ ಜನರ ಸ್ವಂತ ಬಿಂಕವಾಗಿ ಕಂಡಿತು. ಅವನು ಗೋವೆಯನ್ನು ನೋಡದೆಯೇ ಗೋವೆಯ ಒಂದು ತುಣುಕನ್ನು ಕಂಡಂತೆ ಬರೆದದ್ದು ಎಡದ ತೆರೆಯ ಬಂದರಿನಲ್ಲಲ್ಲ, ಬಲದ ತೆರೆಯ ನಾಗಾಸಾಕಿ ಬೀದಿಯಲ್ಲಿ.

ಚಿನ್ನದ ಮೋಡ ಏನನ್ನು ಮುಚ್ಚಿದೆ ಎಂದೂ ಕೇಳಬೇಕು. ಪೋರ್ಚುಗೀಸರು ಜಪಾನೀಯರನ್ನೂ ಕೊಂಡು ಗುಲಾಮರಾಗಿ ಸಾಗಿಸುತ್ತಿದ್ದರು. 1587ರಲ್ಲಿ ಹಿದೆಯೋಶಿ ಪಾದ್ರಿಗಳನ್ನು ಹೊರಹೋಗಿ ಎಂದಾಗ ಅವನು ಕೇಳಿದ ಸಿಟ್ಟಿನ ಪ್ರಶ್ನೆಗಳಲ್ಲಿ ಇದೂ ಒಂದು. 1597ರಲ್ಲಿ ನಾಗಾಸಾಕಿಯ ದಿಬ್ಬದ ಮೇಲೆ 26 ಕ್ರೈಸ್ತರನ್ನು ಶಿಲುಬೆಗೇರಿಸಲಾಯಿತು. ಇದಾವುದೂ ತೆರೆಗಳಲ್ಲಿಲ್ಲ. ಇರುವುದು ಸಿರಿ ಹೊತ್ತು ತರುವ ಹಡಗು. ಹೊಸ ವರ್ಷಕ್ಕೆ ಏಳು ಭಾಗ್ಯದೇವತೆಗಳನ್ನು ಹೊತ್ತು ಬರುವ ನಿಧಿಯ ಹಡಗಿನ ಕಲ್ಪನೆ ಜಪಾನೀಯರಿಗೆ ಹಳೆಯದು. ವರ್ತಕರು ಕರಿಹಡಗನ್ನು ಅದರ ಜಾಗದಲ್ಲಿ ಇಟ್ಟುಕೊಂಡರು. ಕ್ರೈಸ್ತ ಧರ್ಮದ ಮೇಲೆ ನಿಷೇಧ ಬಿದ್ದ ಮೇಲೂ ಪಾದ್ರಿಗಳ ಚಿತ್ರವಿದ್ದ ಈ ತೆರೆಗಳು ಇಷ್ಟು ಸಂಖ್ಯೆಯಲ್ಲಿ ಉಳಿದದ್ದಕ್ಕೆ ಈ ಶುಭಶಕುನದ ನಂಬಿಕೆ ಒಂದು ಕಾರಣವೆನ್ನುತ್ತಾರೆ.

1639ರಲ್ಲಿ ಪೋರ್ಚುಗೀಸ್ ಹಡಗುಗಳಿಗೆ ಜಪಾನಿನ ಬಾಗಿಲು ಮುಚ್ಚಿತು. ಮರುವರ್ಷ ಮಕಾವಿನಿಂದ ಬಿನ್ನವಿಸಿಕೊಳ್ಳಲು ಬಂದ ನಿಯೋಗದ 61 ಜನರ ತಲೆ ಕಡಿದು, ಸುದ್ದಿ ಹೇಳಲೆಂದು 13 ಜನರನ್ನು ಮಾತ್ರ ಹಿಂದೆ ಕಳುಹಿಸಿದರು. ಮಾತುಗಳನ್ನು ಮಾತ್ರ ಕಳುಹಿಸಲಾಗಲಿಲ್ಲ. ತಂಬಾಕು ಅಲ್ಲಿ ‘ತಬಾಕೊ’, ಪಾದ್ರಿ ‘ಬತೆರೆನ್’, ಕಪ್ತಾನ ‘ಕಪಿತಾನ್’, ಆ ಉಬ್ಬಿದ ಚಲ್ಲಣ ‘ಕರುಸಾನ್’. ಮೇಜು, ಚಾವಿ, ಇಗರ್ಜಿ ಎಂದು ದಿನವೂ ಆಡುವ ನಮಗೆ ಇದೇನೂ ಹೊಸತಲ್ಲ.

ಬಳಿಕ ಡಚ್ಚರು. ನಾಗಾಸಾಕಿಯ ಕೊಲ್ಲಿಯಲ್ಲಿ 1634ರಿಂದ 1636ರವರೆಗೆ ಮಣ್ಣು ತುಂಬಿ ಬೀಸಣಿಗೆಯಾಕಾರದ ದೇಜಿಮಾ ದ್ವೀಪ ಕಟ್ಟಿದ್ದು ಪೋರ್ಚುಗೀಸರನ್ನು ಕೂಡಿಹಾಕಲು. ಖರ್ಚು ಕೊಟ್ಟವರು ಊರಿನ 25 ವರ್ತಕರು, ಬಾಡಿಗೆ ವಸೂಲಿ ಮಾಡಿದವರೂ ಅವರೇ. ಒಂದೂವರೆ ಹೆಕ್ಟೇರ್ ಜಾಗ, ಊರಿಗೆ ಒಂದೇ ಸೇತುವೆ. 1641ರಲ್ಲಿ ಡಚ್ಚರನ್ನು ಅಲ್ಲಿಗೆ ತಂದು ಇರಿಸಿದ ಮೇಲೆ ಎರಡು ಶತಮಾನಕ್ಕೂ ಮಿಕ್ಕಿ ಅದೇ ಅವರ ಜಪಾನ್. ಹೊರಗಿನವರಿಗೆ ಒಳಗೆ ಪ್ರವೇಶವಿಲ್ಲ. ಆದ್ದರಿಂದ ಒಳಗೇನು ನಡೆಯುತ್ತದೆಂಬ ಕುತೂಹಲ ವ್ಯಾಪಾರವಾಯಿತು. ನಾಗಾಸಾಕಿಗೆ ಬಂದವರು ಮರದಚ್ಚಿನ ಅಗ್ಗದ ಚಿತ್ರಗಳನ್ನು ಕೊಂಡೊಯ್ಯುತ್ತಿದ್ದರು. ಅವುಗಳಲ್ಲಿ ಕೆಂಪು ಕೂದಲಿನ ಡಚ್ಚ, ಅವನ ಹಿಂದೆ, ನೋಡಿ, ಮತ್ತೆ ಕೊಡೆ ಹಿಡಿದವನು. ಈ ಬಾರಿ ಹೆಚ್ಚಾಗಿ ಬಟಾವಿಯಾದಿಂದ (ಇಂದಿನ ಜಕಾರ್ತಾ) ತಂದ ಜಾವಾ ಕಡೆಯ ಆಳು. ಧಣಿ ಬದಲಾದ, ಧರ್ಮ ಬದಲಾಯಿತು, ಕೊಡೆಯ ಕಾವು ಅದೇ ತರದ ಕೈಯಲ್ಲಿ ಉಳಿಯಿತು.

ದೇಜಿಮಾದ ಒಳಗೆ ಹೋಗಲು ಪರವಾನಗಿ ಇದ್ದ ಚಿತ್ರಕಾರ ಕವಹರಾ ಕೇಗಾ (ಜನನ 1786). ನೈಜೆನ್ನನದು ಕೇಳಿ ಕಟ್ಟಿದ ಲೋಕವಾದರೆ ಇವನದು ಕೂತು ನೋಡಿ ಬರೆದದ್ದು. ಇವನ ಸುರುಳಿ ಚಿತ್ರಗಳಲ್ಲಿ ಡಚ್ಚರು ಬಿಲಿಯರ್ಡ್ಸ್ ಆಡುತ್ತಾರೆ, ಔತಣಕ್ಕೆ ಕೂರುತ್ತಾರೆ. ಅಡುಗೆಮನೆಯಲ್ಲಿ ಮಾಂಸ ಸಿದ್ಧವಾಗುತ್ತಿರುತ್ತದೆ. ಉಗ್ರಾಣದ ಮುಂದೆ ಸರಕು ತೂಗುತ್ತಾರೆ. 1823ರಲ್ಲಿ ಬಂದ ವೈದ್ಯ ಸೀಬೋಲ್ಡ್ ಇವನಿಂದ ಜಪಾನಿನ ಗಿಡ, ಮೀನು, ಜನ, ಕಸುಬುಗಳ ನೂರಾರು ಚಿತ್ರಗಳನ್ನು ಬರೆಸಿಕೊಂಡ. 1817ರಲ್ಲಿ ಡಚ್ ಮುಖ್ಯಸ್ಥ ಬ್ಲೊಮ್‌ಹೊಫ್ ತನ್ನ ಹೆಂಡತಿ ತಿತ್ಸಿಯಾಳನ್ನೂ ಪುಟ್ಟ ಮಗನನ್ನೂ ಕರೆದುಕೊಂಡು ಬಂದ. ಹೆಂಗಸರಿಗೆ ಅನುಮತಿಯಿಲ್ಲವೆಂದು ಸರ್ಕಾರ ಹೇಳಿತು. ಕೆಲವೇ ತಿಂಗಳಲ್ಲಿ, ಆ ಡಿಸೆಂಬರಿನಲ್ಲಿ, ಆಕೆ ಮರಳಿ ಹಡಗು ಹತ್ತಿದಳು. 1821ರಲ್ಲಿ ತೀರಿಕೊಂಡಳು, ಗಂಡನನ್ನು ಮತ್ತೆ ಕಾಣಲಿಲ್ಲ. ಆ ಕೆಲವು ತಿಂಗಳಲ್ಲಿ ಕೇಗಾ ಮತ್ತು ಇತರರು ಅವಳನ್ನು ಎಷ್ಟು ಬಾರಿ ಬರೆದರೆಂದರೆ, ಅವಳ ರೂಪ ಅಚ್ಚಿನ ಚಿತ್ರಗಳಿಗೂ ಗೊಂಬೆಗಳಿಗೂ ಇಳಿದು ನಾಗಾಸಾಕಿಯಲ್ಲಿ ಮನೆಮಾತಾಯಿತು. ಊರೊಳಗೆ ಇರಗೊಡದವಳ ಮುಖವನ್ನು ಊರೆಲ್ಲ ಮಾರಿದರು.

ನೋಡಿ ಬರೆಯುವುದಕ್ಕೆ ಕೇಗಾ ಬೆಲೆ ತೆತ್ತ. ಸೀಬೋಲ್ಡ್ ನಕ್ಷೆಗಳನ್ನು ಹೊರಗೆ ಸಾಗಿಸಲು ಹೋಗಿ ಸಿಕ್ಕಿಬಿದ್ದ ಪ್ರಕರಣದಲ್ಲಿ ಅವನಿಗೂ ಶಿಕ್ಷೆಯಾಯಿತು. 1842ರಲ್ಲಿ ಡಚ್ಚರಿಗಾಗಿ ನಾಗಾಸಾಕಿ ಬಂದರಿನ ಚಿತ್ರ ಬರೆಯುವಾಗ, ಕಾವಲು ದೋಣಿಗಳ ಮೇಲಿದ್ದ ಸಾಮಂತ ಮನೆತನಗಳ ಲಾಂಛನಗಳನ್ನು ಇದ್ದಂತೆಯೇ ಮೂಡಿಸಿದನೆಂದು ಅವನನ್ನು ಊರಿನಿಂದ ಹೊರಹಾಕಿದರು. ಆನೆಯನ್ನೂ ಚೀನದ ಮಾಡನ್ನೂ ಮನಸ್ಸಿಗೆ ಬಂದಂತೆ ಗೋವೆಯಲ್ಲಿಟ್ಟ ನೈಜೆನ್ನನಿಗೆ ಬಾರದ ಕಷ್ಟ, ಬಟ್ಟೆಯ ಮೇಲಿನ ಪುಟ್ಟ ಗುರುತನ್ನು ಸರಿಯಾಗಿ ಬರೆದವನಿಗೆ ಬಂತು.

1859ರಲ್ಲಿ ಯೊಕೊಹಾಮಾ ಬಂದರು ತೆರೆದಾಗ ಎದೋದ (ಇಂದಿನ ಟೋಕಿಯೋ) ಪ್ರಕಾಶಕರು ಎರಡು ಮೂರು ವರ್ಷಗಳಲ್ಲಿ ನೂರಾರು ಬಗೆಯ ಚಿತ್ರಗಳನ್ನು ಅಚ್ಚು ಹಾಕಿ ಮಾರಿದರು. ಹಲವು ಮುಖಗಳೂ ಕಟ್ಟಡಗಳೂ ಯುರೋಪಿನ ಪತ್ರಿಕೆಗಳಿಂದ ನಕಲು ಮಾಡಿದವು. ಅವುಗಳ ಬಗ್ಗೆ ನನಗೆ ಅಷ್ಟು ಆಸಕ್ತಿಯಿಲ್ಲ. ಆದರೆ ಉತಗಾವಾ ಸದಹಿದೆ 1861ರಲ್ಲಿ ಐದು ಹಾಳೆಗಳನ್ನು ಜೋಡಿಸಿ ಬರೆದ, ವಿದೇಶಿ ವರ್ತಕರು ಸರಕು ಸಾಗಿಸುವ ಚಿತ್ರವನ್ನು ಮಾತ್ರ ಆಗಾಗ ತೆರೆದು ನೋಡುತ್ತೇನೆ. ಇಡೀ ಅಗಲವನ್ನು ಹಡಗು ತುಂಬಿಕೊಂಡಿದೆ, ಹಗ್ಗಗಳ ಜಾಲ ಹಾಳೆಯಿಂದ ಹಾಳೆಗೆ ದಾಟುತ್ತದೆ. ಆ ಕಾಲದ ಬೇರೆ ಹಾಳೆಗಳಲ್ಲಿ ವಿದೇಶದ ಹೆಂಗಸರು ಪುಟ್ಟ ಕೊಡೆಯನ್ನು ತಮ್ಮ ಕೈಯಲ್ಲೇ ಹಿಡಿದು ನಡೆಯುತ್ತಾರೆ, ಹಿಂದೆ ಯಾರೂ ಇಲ್ಲ. ಇಲ್ಲಿ, ಸದಹಿದೆಯ ಹಾಳೆಗಳಲ್ಲಿ, ಇಳಿಜಾರಾಗಿ ಇಟ್ಟ ಹಲಗೆಗಳ ಮೇಲೆ ಮೂಟೆ ಹೊತ್ತವರ ಸಾಲು ಹಡಗಿನ ಕಡೆಗೆ ಏರುತ್ತಿದೆ.